ಮಧ್ಯಾಹ್ನ ಎರಡಕ್ಕೆ ಪಾರ್ಕ್ ಯಾರದು?

1/9

ಫೋಟೊ ಮೊದಲು ನೋಡ್ರಿ. ಗೇಟು, ಗೇಟಿಗೊಂದು ಕೀಲಿ, ಒಳಗ ಹಸಿರು ಲಾನ್. ತೆಗೆದದ್ದು ಮಧ್ಯಾಹ್ನ 1.40ಕ್ಕೆ.

ಹೋದ ವರ್ಷ ಏಪ್ರಿಲ್. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಪೆನ್ಶನ್ ಕೆಲಸಕ್ಕಂತ ಪಟ್ಟಣದ ಬ್ಯಾಂಕಿಗೆ ಹೋಗಬೇಕಿತ್ತು. ನಾನು ಜೊತೆಗೆ ಹೋದೆ. ಕೆಲಸ ಒಂದು ಗಂಟೆಗೇ ಮುಗೀತು. ತೇರಗಾಂವಕ್ಕೆ ವಾಪಸ್ ಬಸ್ ಇದ್ದದ್ದು ಮೂರರ ಮೇಲೆ. ನಡುವಿನ ಎರಡು ತಾಸು ಎಲ್ಲಿ ಕೂರೋದು? ಹೋಟೆಲ್‌ನಲ್ಲಿ ಒಂದು ಚಾ ಕುಡಿದು ಎರಡು ತಾಸು ಕೂತರೆ ಯಾರೂ ಸುಮ್ಮನಿರೋದಿಲ್ಲ. ತಗಡಿನ ಶೆಡ್ಡಿನ ಕೆಳಗ ಕೂತರೆ ಒಲಿ ಮುಂದ ಕುಂತಂಗ. ಅದಕ್ಕ ಪಾರ್ಕಿಗೆ ಹೋದ್ವಿ.

ಗೇಟಿನ ಮೇಲೆ ಬೋರ್ಡ್: ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8.

ಆಯಿ ಗೇಟಿನ ಸರಳು ಹಿಡ್ಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲೆ ಬಂದು ಅಲ್ಲೇ ಕೂತುಬಿಟ್ಟಳು. ನನ್ನ ಬಾಟಲಿಯಲ್ಲಿ ನೀರು ಖಾಲಿ. ಏನು ಮಾಡಬೇಕು ಅಂತ ನನಗ ತಿಳೀಲಿಲ್ಲ.

ಯಾವ ಊರು, ಯಾವ ಪಾರ್ಕ್ ಅಂತ ಬರೆಯೋದಿಲ್ಲ. ಒಬ್ಬರ ಮೇಲೆ ಸಿಟ್ಟು ತೀರಿಸ್ಕೊಳ್ಳೋಕೆ ಈ ಪೋಸ್ಟ್ ಹಾಕ್ತಿಲ್ಲ. ಇಂಥ ಗೇಟು ನಿಮ್ಮೂರಲ್ಲೂ ಇರಬಹುದು. ಒಮ್ಮೆ ಮಧ್ಯಾಹ್ನ ಹೋಗಿ ನೋಡ್ಕೊಂಡು ಬರ್ರಿ. ಆಮೇಲೆ ಮುಂದಿನದು ಓದ್ರಿ.

2/9

ಆಯಿನ ಎಬ್ಬಿಸಿದ್ದು ಹಣ್ಣು ಮಾರೋ ಅಕ್ಕ. ಪಾರ್ಕಿನ ಕಂಪೌಂಡಿಗೆ ಹೊಂದಿ, ಹೊರಗಡೆ, ಒಂದು ಹೊಂಗೆ ಮರ ಇದೆ. ಅದರ ಬುಡದಲ್ಲಿ ಆಕಿ ಗಾಡಿ. ಪೇರಲ, ಕಲ್ಲಂಗಡಿ ಹೋಳು. ಓಡಿ ಬಂದು "ಆಯೀ, ಇಲ್ಲಿ ಬಿಸಲಾಗ ಯಾಕ ಕುಂತೀರಿ, ನೆಳ್ಳಿಗೆ ಬರ್ರಿ" ಅಂತ ಕೈ ಹಿಡಿದು ಕರ್ಕೊಂಡು ಹೋದಳು. ಹಣ್ಣಿನ ಕ್ರೇಟ್ ಬೋರಲು ಹಾಕಿ ಕೂರಿಸಿದಳು. ಕೊಡದಿಂದ ನೀರು ಕೊಟ್ಟಳು. ಒಂದು ಹೋಳು ಕಲ್ಲಂಗಡಿನೂ ಕೊಟ್ಟಳು, ರೊಕ್ಕ ತಗೊಳ್ಳಲಿಲ್ಲ.

ಹತ್ತು ನಿಮಿಷದಲ್ಲಿ ಆಯಿ ಮಾತಾಡೋಕೆ ಶುರು ಮಾಡಿದಳು. ಅಷ್ಟೊತ್ತಿಗೆ ಸುತ್ತ ನೋಡಿದೆ. ಒಬ್ಬ ಚಪ್ಪಲಿ ಹೊಲಿಯೋ ಕಾಕಾ, ಮೂರು ಆಟೋ, ಟ್ಯೂಷನ್‌ಗೆ ಕಾಯ್ತಿದ್ದ ಹುಡುಗಿಯರು, ಕೂಲಿ ಮುಗಿಸಿ ಬುತ್ತಿ ಬಿಚ್ಚಿದ ಇಬ್ಬರು ಹೆಣ್ಮಕ್ಕಳು. ಎಲ್ಲರೂ ಆ ಒಂದೇ ಮರದ ಕೆಳಗ. ಪಾರ್ಕಿನ ಒಳಗ ಒಬ್ಬರೂ ಇಲ್ಲ.

"ಮರ ಯಾರು ಹಚ್ಚಿದ್ದು ಅಕ್ಕಾ?" ಅಂತ ಕೇಳಿದೆ.

"ನಾನಾ ಹಚ್ಚೀನಿ ತಂಗಿ. ಸಣ್ಣದಿದ್ದಾಗ ಎರಡು ಸಲ ದನ ತಿಂದ್ವು. ಮೂರನೇ ಸಲ ಮುಳ್ಳು ಕಟ್ಟಿದೆ. ದಿನಾ ಒಂದು ಕೊಡ ನೀರು ಹಾಕಿದೆ."

ಪಾರ್ಕಿನ ಬೋರ್ಡ್ ಮೇಲೆ ಉದ್ಘಾಟನೆ ಮಾಡಿದವರ ಹೆಸರು ಇದೆ, ಗುತ್ತಿಗೆದಾರರ ಹೆಸರು ಇದೆ. ಈ ಅಕ್ಕನ ಹೆಸರು ಎಲ್ಲೂ ಇಲ್ಲ. ಪಾರ್ಕ್ ಮಾಡುವಾಗ ನಿಮ್ಮನ್ನ ಏನಾದ್ರೂ ಕೇಳಿದ್ರಾ ಅಂದೆ. ಆಕಿ ನಕ್ಕಳು.

ನನ್ನ ವಾದ ಪೂರ್ತಿ ಇಲ್ಲೇ ಇದೆ. ಬಿಸಿಲು ಹೆಚ್ಚಾಗ್ತಿರೋ ಕಾಲದಲ್ಲಿ ಪಾರ್ಕ್ ಹೇಗಿರಬೇಕು ಅಂತ ಗೊತ್ತಿರೋರು ಮಧ್ಯಾಹ್ನ ಎರಡಕ್ಕೆ ಹೊರಗ ಇರೋ ಮಂದಿ. ನಕ್ಷೆ ಬರೆಯೋ ಮೊದಲು ಅವರನ್ನ ಕೇಳಬೇಕು. ಈಗ ಯಾರೂ ಕೇಳ್ತಿಲ್ಲ.

3/9

"ಒಂದು ಮರದಿಂದ ಎಷ್ಟು ತಂಪಾಗುತ್ತೆ ಮಹಾ?" ಅನ್ನೋರಿಗೆ ಈ ಕ್ಯಾಪ್ಷನ್.

ಬೆಂಗಳೂರಲ್ಲಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಮರ ಇರೋ ರಸ್ತೆ, ಮರ ಇಲ್ಲದ ರಸ್ತೆ ಎರಡನ್ನೂ ಅಳೆದು 2013ರಲ್ಲಿ ಪ್ರಕಟಿಸಿದರು. ಮರ ಇರೋ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿ ಸೆಲ್ಸಿಯಸ್ ತನಕ ತಂಪು. ನೆರಳಲ್ಲಿದ್ದ ಡಾಂಬರಿನ ಮೇಲ್ಮೈ 27.5 ಡಿಗ್ರಿ ತನಕ ತಂಪು. ಚಪ್ಪಲಿ ಇಲ್ಲದೆ ನಡೆಯೋರಿಗೆ ಈ ಎರಡನೇ ಸಂಖ್ಯೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮರ ಎರಡು ಕೆಲಸ ಮಾಡುತ್ತೆ. ಬಿಸಿಲನ್ನ ಮೇಲೇ ತಡೀತದೆ. ಬೇರಿಂದ ಎಳೆದ ನೀರನ್ನ ಎಲೆಯಿಂದ ಆವಿ ಮಾಡಿ ಬಿಡ್ತದೆ, ಆಗ ಸುತ್ತಲಿನ ಗಾಳಿಯ ಶಾಖ ಖರ್ಚಾಗ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗೋದೂ ಹಿಂಗೇ.

ನಮ್ಮ ಪಾರ್ಕುಗಳಲ್ಲಿ ಇರೋದೇನು? ಲಾನ್, ಪೇವರ್ ಬ್ಲಾಕ್, ಬಿಸಿಲಲ್ಲಿ ಸ್ಟೀಲ್ ಬೆಂಚು, ಸಿಮೆಂಟಿನ ಆನೆ. ಲಾನ್‌ಗೆ ದಿನಾ ನೀರು ಬೇಕು, ನೆರಳು ಕೊಡೋದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಲ್ಲದಾಗ ಕುಡಿಯೋ ನೀರನ್ನ ಗಾರ್ಡನ್‌ಗೆ ಹಾಕಿದ್ರ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಬೇಕಾಯ್ತು.

ಮರ ಹಚ್ಚಿದ್ರೂ ಯಾವ ಮರ ಅನ್ನೋದು ಮುಖ್ಯ. ನಮ್ಮ ಹಳಿಯಾಳ, ದಾಂಡೇಲಿ ಕಡೆ ಸಾಗವಾನಿ ಬೇಕಾದಷ್ಟಿದೆ. ಆದ್ರ ಬಿಸಿಲು ಏರೋ ತಿಂಗಳಲ್ಲೇ ಅದು ಬೋಳಾಗಿ ನಿಂತಿರ್ತದೆ. ಗುಲ್‌ಮೊಹರ್ ಕೂಡ ಹಂಗೇ. ಸಾಲಾಗಿ ಹಚ್ಚೋ ಉದ್ದನೆ ಅಶೋಕ ಮೇಲಕ್ಕೇ ಹೋಗ್ತದೆ, ಅದರ ಕೆಳಗ ಒಬ್ಬರು ಕೂರೋಕೂ ಆಗೋದಿಲ್ಲ. ಹೊಂಗೆ, ಬೇವು ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬ್ಕೊಂಡು ನಿಂತಿರ್ತಾವೆ.

ಇದು ಹಣ್ಣಿನ ಅಕ್ಕನಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯವರೇ ಆದ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ನರ್ಸರಿಯಲ್ಲಿ ಕೂಲಿಯಾಗಿ ಸೇರಿ, ಯಾವ ಮರದ ಬೀಜ ಯಾವಾಗ ಆರಿಸಬೇಕು ಅಂತ ಅರಣ್ಯ ಇಲಾಖೆಗೇ ಹೇಳಿಕೊಡೋ ಮಟ್ಟಕ್ಕೆ ಬೆಳೆದರು. ಪದ್ಮಶ್ರೀ ಬಂತು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇಂಥ ತಿಳಿವಳಿಕೆ ಇರೋರು ಪ್ರತಿ ಊರಲ್ಲೂ ಇದ್ದಾರೆ. ಪಾರ್ಕಿನ ಮೀಟಿಂಗಿಗೆ ಅವರನ್ನ ಕರೆಯೋದಿಲ್ಲ, ಅಷ್ಟೆ.

4/9

ಈಗ ಕೀಲಿ ವಿಷಯ.

ಪಾರ್ಕ್ ಮಧ್ಯಾಹ್ನ ಯಾಕ ಮುಚ್ತಾರೆ ಅಂತ ಕೇಳಿದ್ರ ಉತ್ತರ ಒಂದೇ: ಮಂದಿ ಹಾಳು ಮಾಡ್ತಾರೆ. ಕುಡೀತಾರೆ, ಜೋಡಿಗಳು ಕೂರ್ತಾವೆ, ಮಲಗ್ತಾರೆ.

ಮಲಗೋದು ತಪ್ಪಾ? ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬಂದವನು ಒಂದು ಗಂಟೆಗೆ ಮರದ ಕೆಳಗ ಅರ್ಧ ತಾಸು ಒರಗಿದ್ರ ಪಾರ್ಕಿಗೆ ಏನು ನಷ್ಟ?

ಬೆಂಗಳೂರಲ್ಲೂ ಮೊದಲು ಪಾಲಿಕೆ ಪಾರ್ಕುಗಳು ದಿನದ ನಡುವೆ ಮುಚ್ತಿದ್ವು. 2024ರಲ್ಲಿ, ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಬೇಕು ಅಂತ ಸರ್ಕಾರ ಹೇಳ್ತು. ಅದಕ್ಕ ಹೊಸ ಪಾರ್ಕ್ ಕಟ್ಟಬೇಕಾಗಲಿಲ್ಲ, ಟೆಂಡರ್ ಕರೀಬೇಕಾಗಲಿಲ್ಲ. ಗೇಟಿನ ನಿಯಮ ಬದಲಾಯ್ತು. ದೊಡ್ಡ ಊರಲ್ಲಿ ಆಗಿದ್ದು ನಮ್ಮ ಕಡೆ ಯಾಕ ಆಗಬಾರದು?

ನಮ್ಮ ಹಿರಿಯರು ಗೇಟಿಲ್ಲದ ಪಾರ್ಕ್ ನಡೆಸಿದ್ದಾರೆ. ಅರಳಿಕಟ್ಟೆ ಅಂದ್ರ ಏನು? ಮರ, ಸುತ್ತ ಕೂರೋಕೆ ಕಲ್ಲು, ಯಾವಾಗ ಬೇಕಾದ್ರೂ ಹೋಗೋ ಹಕ್ಕು. ಬೇಸಿಗೆಯಲ್ಲಿ ಅದರ ಪಕ್ಕ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಡ್ತಿದ್ರು. ಕಟ್ಟೆ ಕಸ ಬಿದ್ದಿದ್ರ ಅಲ್ಲಿ ಕೂರೋರೇ ಗುಡಿಸ್ತಿದ್ರು.

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳೋದಿಲ್ಲ. ಎಷ್ಟೋ ಊರಿನ ಕಟ್ಟೆ ಮೇಲೆ ಎಲ್ಲಾ ಜಾತಿಯವರು ಕೂರೋ ಹಂಗಿರಲಿಲ್ಲ. ಹೆಣ್ಮಕ್ಕಳಂತೂ ಕೂರ್ತಿರಲಿಲ್ಲ. ಅದಕ್ಕೇ ಸರ್ಕಾರಿ ಪಾರ್ಕ್ ಬೇಕು. ಕಟ್ಟೆಗೆ ಇದ್ದ ನೆರಳು, ನೀರು, ಬಾಗಿಲಿಲ್ಲದ ದಾರಿ ಅದಕ್ಕೂ ಇರಲಿ. ಕಟ್ಟೆಗೆ ಇದ್ದ ಬೇಧ ಅದಕ್ಕ ಬೇಡ.

5/9

ಬಿಕಾಂ ದೋಸ್ತರೇ, ಇದು ನಮ್ಮ ಸಬ್ಜೆಕ್ಟ್.

ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ರೆವೆನ್ಯೂ ಎಕ್ಸ್‌ಪೆಂಡಿಚರ್ ವ್ಯತ್ಯಾಸ ಶುರುವಿನಲ್ಲೇ ಓದಿದ್ದೀವಿ. ಕಮಾನು, ಕಾರಂಜಿ, ಪೇವರ್ ಬ್ಲಾಕ್, ಜಿಮ್ ಮಷೀನ್: ಕ್ಯಾಪಿಟಲ್. ಮಾಲಿಯ ಪಗಾರ, ನೀರಿನ ಟ್ಯಾಂಕರ್, ಸತ್ತ ಸಸಿ ಬದಲಿಸೋದು, ನಲ್ಲಿ ರಿಪೇರಿ: ರೆವೆನ್ಯೂ. ಮೊದಲನೆಯದಕ್ಕ ಉದ್ಘಾಟನೆ ಇದೆ, ಬ್ಯಾನರ್ ಇದೆ. ಮಾಲಿಗೆ ತಿಂಗಳು ತಿಂಗಳು ಪಗಾರ ಕೊಟ್ಟಿದ್ದಕ್ಕ ಯಾರೂ ರಿಬ್ಬನ್ ಕತ್ತರಿಸೋದಿಲ್ಲ. ಹಂಗಾಗಿ ಪಾರ್ಕ್ ಕಟ್ಟೋಕೆ ದುಡ್ಡು ಸಿಗ್ತದೆ, ನಡೆಸೋಕೆ ಸಿಗೋದಿಲ್ಲ. ಮಾಲಿ ಇಲ್ಲ ಅಂದ್ಮೇಲೆ ಕೀಲಿ ಹಾಕೋದು ಸುಲಭದ ದಾರಿ.

ಡಿಪ್ರಿಸಿಯೇಷನ್ ನೆನಪು ಮಾಡ್ಕೊಳ್ರಿ. ಟೈಲ್ಸ್, ದೀಪದ ಕಂಬ, ಕಾರಂಜಿ ಮೋಟರ್ ಹಾಕಿದ ದಿನದಿಂದ ಬೆಲೆ ಕಳ್ಕೊಳ್ತಾ ಹೋಗ್ತಾವೆ. ಹೊಂಗೆ ಸಸಿಗೆ ಹಾಕಿದ ದುಡ್ಡು ಮೊದಲ ಎರಡು ಮೂರು ವರ್ಷ ಬರೀ ಖರ್ಚು. ಆಮೇಲೆ ಪ್ರತಿ ಬೇಸಿಗೆಗೂ ಅದರ ನೆರಳು ದೊಡ್ಡದಾಗ್ತದೆ. ಆದ್ರ ಆ ಮೊದಲ ಬೇಸಿಗೆಗಳಲ್ಲಿ ನೀರು ತಪ್ಪಿದ್ರ ಪೂರ್ತಿ ನಷ್ಟ.

ಹಣ್ಣಿನ ಅಕ್ಕ ದಿನಾ ಹಾಕಿದ ಒಂದು ಕೊಡ ನೀರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಆ ಇಡೀ ಜಾಗದಲ್ಲಿ ಇವತ್ತಿಗೂ ಲಾಭ ಕೊಡ್ತಿರೋ ಆಸ್ತಿ ಅದೊಂದೇ ಮರ.

6/9

"ಎಲ್ಲರದು ಅಂದ್ರ ಯಾರದೂ ಅಲ್ಲ" ಅಂತ ನಾವು ಸಲೀಸಾಗಿ ಹೇಳ್ತೀವಿ. ಗ್ಯಾರೆಟ್ ಹಾರ್ಡಿನ್ ಅನ್ನೋರು 1968ರಲ್ಲಿ ಇದನ್ನೇ ಪ್ರಬಂಧ ಮಾಡಿ ಬರೆದರು. ಹಂಚಿಕೊಂಡ ಹುಲ್ಲುಗಾವಲು ಕೊನೆಗೆ ಹಾಳಾಗೋದೇ ಅಂತ.

ಎಲಿನಾರ್ ಆಸ್ಟ್ರಮ್ ಒಪ್ಪಲಿಲ್ಲ. ಬೇರೆ ಬೇರೆ ದೇಶಗಳ ಕಾಲುವೆ, ಕಾಡು, ಮೀನುಗಾರಿಕೆ ನೋಡಿ ಅವರು ಹೇಳಿದ್ದು: ಬಳಸೋರೇ ಕೂತು ನಿಯಮ ಮಾಡಿದಲ್ಲಿ, ಆ ನಿಯಮ ಪಾಲಿಸ್ತಿದ್ದಾರಾ ಅಂತ ಅವರೇ ಕಣ್ಣಿಟ್ಟಲ್ಲಿ ಹಂಚಿಕೊಂಡ ಆಸ್ತಿ ಉಳೀತದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಹೆಣ್ಣುಮಗಳು ಅವರೇ.

ಕರ್ನಾಟಕದ್ದೇ ಉದಾಹರಣೆ ಬೇಕಾ? ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ. ಕೊಳಚೆ, ಕಸ ತುಂಬಿದ್ದ ಕೆರೆಯನ್ನ 2008-09ರ ಸುಮಾರಿಗೆ ಪಾಲಿಕೆ ಸರಿ ಮಾಡೋಕೆ ಹೊರಟಾಗ ಸುತ್ತಲಿನ ನಿವಾಸಿಗಳು, ಪರಿಸರ ತಜ್ಞರು ಯೋಜನೆಯ ಹಂತದಲ್ಲೇ ಕೂಡಿಕೊಂಡರು. ಆಮೇಲೆ ನಿವಾಸಿಗಳು ಟ್ರಸ್ಟ್ ಮಾಡ್ಕೊಂಡು ನೋಡಿಕೊಳ್ಳೋ ಕೆಲಸದಲ್ಲೂ ಪಾಲುದಾರರಾದರು. ಅಲ್ಲಿ ಬರೀ ವಾಕಿಂಗ್ ದಾರಿ ಮಾಡಿ ಬಿಡಲಿಲ್ಲ. ದನಕ್ಕೆ ಹುಲ್ಲು ಕೊಯ್ಯೋರು, ಮೀನು ಹಿಡಿಯೋರು ಮೊದಲಿಂದ ಇದ್ದರಲ್ಲ, ಅವರಿಗೂ ಜಾಗ ಉಳೀತು. ಅವರೂ ಕೆರೆಯ ಕಾವಲಿಗೆ ಕಣ್ಣಾದರು.

ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಕಡೆಯ ಹಳ್ಳಿ ಮಂದಿ ಮರ ತಬ್ಬಿ ನಿಂತು ಕಡಿಯೋದನ್ನ ನಿಲ್ಲಿಸಿದ್ರು. ಅದೇ ಅಪ್ಪಿಕೋ. ಕಾಡಿಗೆ ಅಷ್ಟು ಮಾಡಿದ ಜಿಲ್ಲೆಯ ಮಕ್ಕಳು ನಾವು. ಪಟ್ಟಣದ ಒಂದು ಎಕರೆ ಪಾರ್ಕ್ ಬಗ್ಗೆ ಮಾತ್ರ ಬಾಯಿ ಬಿಡೋದಿಲ್ಲ.

7/9

ಇಲ್ಲಿ ಒಂದು ಎಚ್ಚರ ಬೇಕು. "ಸಮುದಾಯ" ಅಂದ ತಕ್ಷಣ ಎಲ್ಲರೂ ಬಂದುಬಿಡೋದಿಲ್ಲ.

ಪಾರ್ಕಿನ ಬಗ್ಗೆ ಸಭೆ ಕರೆದ್ರ ಯಾರು ಬರ್ತಾರೆ? ಬೆಳಿಗ್ಗೆ ವಾಕಿಂಗ್ ಬರೋ ಹಿರಿಯರು, ಸುತ್ತಲಿನ ಮನೆ ಮಾಲೀಕರು. ಅವರಿಗೆ ಬೇಕಾದದ್ದು ವಾಕಿಂಗ್ ಟ್ರ್ಯಾಕ್, ಶಾಂತಿ, ಕಂಪೌಂಡ್. ಬೆಳಿಗ್ಗೆ ಏಳಕ್ಕೆ ಬಂದು ಹೋಗೋರಿಗೆ ಮಧ್ಯಾಹ್ನದ ಕೀಲಿ ಕಾಣೋದೇ ಇಲ್ಲ. ಅವರದೂ ತಪ್ಪಲ್ಲ. ಆದ್ರ ಅವರೊಬ್ಬರೇ ಸಮುದಾಯ ಅಲ್ಲ.

ಆ ಮರದ ಕೆಳಗ ಇದ್ದೋರನ್ನ ಮತ್ತೆ ಹೋಗಿ ಕೇಳಿದೆ, ನಿಮಗ ಏನು ಬೇಕು ಅಂತ.

ಹಣ್ಣಿನ ಅಕ್ಕ: ಒಂದು ನಲ್ಲಿ, ಒಂದು ಶೌಚಾಲಯ. "ದಿನಾ ಮುಂಜಾನೆಯಿಂದ ಸಂಜಿ ತನಕ ನೀರ ಕುಡಿಯೂದ ಬಿಟ್ಟೀನಿ ತಂಗಿ, ಹೋಗೂದೆಲ್ಲಿ?" ಬಿಸಿಲಲ್ಲಿ ನಿಂತು ದುಡಿಯೋ ಹೆಣ್ಮಗಳು ನೀರು ಕುಡಿಯೋದನ್ನೇ ಬಿಟ್ಟಿದ್ದಾಳೆ. ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.
ಆಟೋ ಅಣ್ಣ: ಗಾಡಿ ನಿಲ್ಲಿಸೋ ಕಡೆಗೂ ಎರಡು ಮರ.
ಚಪ್ಪಲಿ ಕಾಕಾ: ಒರಗೋಕೆ ಬೆನ್ನು ಇರೋ ಬೆಂಚು, ಸ್ಟೀಲ್ ಬ್ಯಾಡ.
ಟ್ಯೂಷನ್ ಹುಡುಗಿಯರು: ಎದೆಮಟ್ಟದ ಪೊದೆ ಬ್ಯಾಡ, ಒಳಗಿಂದ ರಸ್ತೆ ಕಾಣಬೇಕು, ಸಂಜೆ ದೀಪ ಹತ್ತಬೇಕು.

ಪೊದೆ ವಿಷಯ ನಾನೂ ಯೋಚನೆ ಮಾಡಿರಲಿಲ್ಲ. ಗಿಡ ಜಾಸ್ತಿ ಆದಷ್ಟು ಒಳ್ಳೇದು ಅಂತಿದ್ದೆ. ನೆರಳು ತಲೆ ಮೇಲಿರಬೇಕು, ಕಣ್ಣಿಗೆ ಅಡ್ಡ ಇರಬಾರದು ಅಂತ ಆ ಹುಡುಗಿಯರು ಹೇಳಿದ ಮೇಲೆ ತಿಳೀತು.

ಇದನ್ನೆಲ್ಲ ಹೇಳೋಕೆ ಜಾಗ ಎಲ್ಲಿದೆ? ಹಳ್ಳಿಯಲ್ಲಿ ಗ್ರಾಮಸಭೆ ಇದೆ. ನಡೀಲಿ ಬಿಡಲಿ, ಹಕ್ಕಂತೂ ಇದೆ. ಪಟ್ಟಣಕ್ಕೆ ಬಂದ್ರ, ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿ ಇರಲೇಬೇಕು ಅನ್ನೋದು 3 ಲಕ್ಷ ಅಥವಾ ಹೆಚ್ಚು ಜನ ಇರೋ ಊರಿಗೆ. 2011ರ ಜನಗಣತಿಯಲ್ಲಿ ದಾಂಡೇಲಿ 52 ಸಾವಿರದ ಆಸುಪಾಸು, ಹಳಿಯಾಳ ಅದರ ಅರ್ಧಕ್ಕಿಂತ ಕಡಿಮೆ. ನಮ್ಮಂಥ ಸಣ್ಣ ಪಟ್ಟಣದವರು ನಾವೇ ಕೇಳಿ ಸಭೆ ಕರೆಸ್ಕೋಬೇಕು. ಅದೂ ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿನ ಹಾಲ್‌ನಲ್ಲಿ ಬೇಡ. ಗಾಡಿ ಬಿಟ್ಟು ಅಕ್ಕ ಅಲ್ಲಿಗೆ ಬರೋಕಾಗೋದಿಲ್ಲ. ಮರದ ಕೆಳಗೇ ಆಗಲಿ.

8/9

ನಿಮ್ಮ ಆಕ್ಷೇಪಣೆ ನನಗ ಗೊತ್ತು. "ತೆರಿಗೆ ಕಟ್ತೀವಿ, ಪಾರ್ಕ್ ನೋಡ್ಕೊಳ್ಳೋದು ಅವರ ಕೆಲಸ. ನಾವ್ಯಾಕ ಪುಕ್ಕಟೆ ದುಡೀಬೇಕು?"

ಸರಿಯಾದ ಪ್ರಶ್ನೆ. ಜನರ ಸಹಭಾಗಿತ್ವ ಅಂತ ಹೆಸರಿಟ್ಟು ಮಾಲಿಯ ಕೆಲಸ ಕಿತ್ತು ಬಡವರ ಕೈಗೆ ಪೊರಕೆ ಕೊಡೋದಾದ್ರ ನಾನೂ ವಿರೋಧ. ಮಾಲಿಗೆ ಪಗಾರ ಇರಲೇಬೇಕು. ಜನ ಮಾಡಬೇಕಾದ್ದು ನಿರ್ಧಾರ ಮತ್ತು ಕಾವಲು. ಅದಕ್ಕಿಂತ ಹೆಚ್ಚು ಕೆಲಸ ಮಾಡಿಸಿದ್ರ ದುಡ್ಡು ಕೊಡಬೇಕು.

ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ರಾಜಧಾನಿ ಫ್ರೀಟೌನ್ 2020ರಲ್ಲಿ ಹತ್ತು ಲಕ್ಷ ಮರದ ಗುರಿ ಇಟ್ಕೊಂಡು ಇದನ್ನೇ ಮಾಡ್ತು. ಪ್ರತಿ ಸಸಿಗೂ ಆ್ಯಪ್‌ನಲ್ಲಿ ಗುರುತು. ಆಯಾ ಓಣಿಯವರು ಸಸಿ ನೋಡ್ಕೊಂಡು ಫೋಟೊ ಹಾಕಿದ್ರ ಮೊಬೈಲ್‌ಗೆ ದುಡ್ಡು. ನೆಟ್ಟ ದಿನದ ಫೋಟೊ ಒಂದೇ ಸಾಲದು, ಸಸಿ ಬದುಕಿದೆ ಅಂತ ಮತ್ತೆ ಮತ್ತೆ ತೋರಿಸಬೇಕು.

ನಮ್ಮಲ್ಲಿ? ವನಮಹೋತ್ಸವ ಶುರುವಾಗಿದ್ದು 1950ರಲ್ಲಿ. ಪ್ರತಿ ಜುಲೈ ಸಸಿ ನೆಡ್ತೀವಿ. ಈ ಅಕೌಂಟ್‌ನಲ್ಲೇ ಕೆಳಗ ಸ್ಕ್ರೋಲ್ ಮಾಡಿದ್ರ ನಾನು ಸಸಿ ಹಿಡಿದು ನಗ್ತಿರೋ ಫೋಟೊ ಸಿಗ್ತದೆ. ಮುಂದಿನ ಮಾರ್ಚ್‌ನಲ್ಲಿ ಅದಕ್ಕ ನೀರು ಹಾಕೋಕೆ ನಾನು ಹೋಗಲಿಲ್ಲ. ಸಸಿ ಒಣಗಿತು. ಆ ಪೋಸ್ಟಿಗೆ ಬಂದ ಲೈಕ್ ಈಗಲೂ ಅಲ್ಲೇ ಇವೆ.

ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ತಾಸು ಸೇವೆ ಅಂತ ಇದೆ. ಅದರಲ್ಲಿ ಒಂದು ಪಾಲು ಜುಲೈ ಬದಲು ಫೆಬ್ರವರಿಯಿಂದ ಮೇ ತನಕ ನೀರು ಹಾಕೋಕೆ ಇಡ್ರಿ. ಹೊಸ ಸಸಿ ಕಡಿಮೆ ನೆಟ್ಟರೂ ಪರವಾಗಿಲ್ಲ. ಎಷ್ಟು ನೆಟ್ಟಿದ್ದೀವಿ ಅನ್ನೋ ವರದಿ ಬೇಡ. ಮೂರನೇ ಬೇಸಿಗೆ ದಾಟಿದವು ಎಷ್ಟು, ಅದನ್ನ ಬರೀರಿ.

9/9

ಕೊನೇ ಫೋಟೊ: ಹೊಂಗೆ ಮರ, ಅದರ ಪಕ್ಕ ಹೊಸ ಬೋರ್ಡ್. ಹೋದ ವಾರ ಹಾಕಿದ್ದಾರೆ. ಪಾರ್ಕ್ ಅಭಿವೃದ್ಧಿ ಕಾಮಗಾರಿ ಅಂತ ಇದೆ. ಕಂಪೌಂಡ್ ಎಲ್ಲಿಗೆ ಬರ್ತದೆ, ಕಮಾನು ಎಲ್ಲಿ, ಮರ ಉಳೀತದಾ, ಗಾಡಿ ಎಲ್ಲಿ ನಿಲ್ಲಬೇಕು, ಒಂದೂ ಬರೆದಿಲ್ಲ. ಅಕ್ಕ ಕೇಳಿದಳು, "ತಂಗೀ, ನೀ ಕಾಲೇಜ್ ಕಲ್ತಾಕಿ, ಏನರ ಗೊತ್ತಾತೇನು?"

ಗೊತ್ತಾಗಿದ್ದು ಇಷ್ಟು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದ್ರ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಲೇಬೇಕು ಅನ್ನೋದು 50ಕ್ಕಿಂತ ಹೆಚ್ಚು ಮರ ಇದ್ದಾಗ. ಇಲ್ಲಿ ಇರೋದು ಒಂದು. ಅದಕ್ಕ ಅವರು ಕೇಳೋ ತನಕ ಕಾಯೋದು ಬೇಡ, ನಾವೇ ಹೋಗಿ ಹೇಳೋಣ.

ನಮ್ಮ ಬೇಡಿಕೆ ಐದು:
ಒಂದು, ನಕ್ಷೆಯನ್ನ ಕಾಮಗಾರಿಗೆ ಮೊದಲು ಗೇಟಿಗೆ ಅಂಟಿಸಬೇಕು, ಕನ್ನಡದಲ್ಲಿ.
ಎರಡು, ಹೊಂಗೆ ಮರ ಮತ್ತು ಅದರ ಕೆಳಗಿನ ದುಡಿಮೆ ಎರಡೂ ಉಳೀಬೇಕು.
ಮೂರು, ಮಧ್ಯಾಹ್ನ ಗೇಟ್ ತೆರೆದಿರಬೇಕು.
ನಾಲ್ಕು, ಕುಡಿಯೋ ನೀರು, ಶೌಚಾಲಯ ಮೊದಲು. ಕಮಾನು ಆಮೇಲೆ.
ಐದು, ಕಟ್ಟೋಕೆ ಎಷ್ಟು, ವರ್ಷಕ್ಕೆ ನಡೆಸೋಕೆ ಎಷ್ಟು, ಎರಡೂ ಲೆಕ್ಕ ಬೋರ್ಡ್ ಮೇಲೆ ಬರೀಬೇಕು.

ಮನವಿ ಬರೆದಾಗಿದೆ. ಉತ್ತರ ಬರದಿದ್ರ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಕ್ಷೆ ಮತ್ತು ಅಂದಾಜು ಪಟ್ಟಿ ಕೇಳೋಣ. ಅಂದಾಜು ಪಟ್ಟಿ ಓದೋಕೆ ಬಿಕಾಂನವರು ಬೇಕೇ ಬೇಕು, ನೆವ ಹೇಳಬ್ಯಾಡ್ರಿ.

ಬರೋ ಭಾನುವಾರ ಮಧ್ಯಾಹ್ನ ಎರಡಕ್ಕೆ ಆ ಮರದ ಕೆಳಗ ಸಹಿ ಸಂಗ್ರಹ. ಯಾವ ಮರ ಅಂತ ಕ್ಲಾಸಿನವರಿಗೆ ಗೊತ್ತು. ಗೊತ್ತಿಲ್ಲದವರು ಮೆಸೇಜ್ ಮಾಡ್ರಿ. ಮೊದಲ ಸಹಿ ಹಣ್ಣಿನ ಅಕ್ಕಂದು, ಎರಡನೇದು ನಮ್ಮ ಆಯಿದು. ಆಯಿ ಹೆಬ್ಬೆಟ್ಟು ಒತ್ತೋದಿಲ್ಲ, ಈಗ ಸಹಿ ಕಲ್ತಿದ್ದಾಳೆ. ಬರುವಾಗ ನೀರಿನ ಬಾಟಲಿ ತರ್ರಿ, ಒಂದು ನಿಮಗ, ಒಂದು ಮರಕ್ಕ.

ಬೇರೆ ಊರಿನವರು ನಿಮ್ಮ ಪಾರ್ಕಿನ ಮಧ್ಯಾಹ್ನ ಎರಡರ ಫೋಟೊ ಹಾಕಿ, ಒಳಗ ಎಷ್ಟು ಜನ ಇದ್ದರು, ಹೊರಗ ಎಷ್ಟು ಜನ ಇದ್ದರು ಅಂತ ಕೆಳಗ ಬರೀರಿ.

#ಮಧ್ಯಾಹ್ನಎರಡರಪಾರ್ಕ್ #ತೇರಗಾಂವ #ಹಳಿಯಾಳ #ದಾಂಡೇಲಿ #ನೆರಳುಬೇಕು